ಕಿರಣದ ಎಟುಕು

ನಾನು ಬಾಲ್ಯವನ್ನು ಕಳೆದ ಮಲೆನಾಡಿನ ಮನೆಯ ಅಡಿಗೆಕೋಣೆಯಲ್ಲಿ, ಮಾಡಿನ ಹಂಚೊಂದು ಜರುಗಿ ಬೆರಳು ತೂರುವಷ್ಟು ಕಿಂಡಿ ಬಿದ್ದಿದ್ದ ಕಡೆಯಿಂದ, ದಿನವೂ ಹೊತ್ತೇರುವ ಸಮಯಕ್ಕೆ ಒಂದು ಬಿಸಿಲುಕೋಲು ಇಳಿಯುತ್ತಿತ್ತು. ಒಲೆಯ ಹೊಗೆ ತುಂಬಿರುವ ತನಕ ಅದು ಮಾಡಿನಿಂದ ನೆಲದವರೆಗೆ ನೆಟ್ಟ ಹೊಳೆಯುವ ಕಂಬದಂತೆ ಕಾಣುತ್ತಿತ್ತು. ಅದರೊಳಗೆ ಹೊಗೆಯ ಎಳೆಗಳೂ ಹಿಟ್ಟಿನ ಧೂಳೂ ಮೇಲೆ ಕೆಳಗೆ ಸುಳಿದಾಡುತ್ತಿದ್ದವು. ಅಡಿಗೆ ಮುಗಿದು, ಕೆಂಡಕ್ಕೆ ಬೂದಿ ಮುಚ್ಚಿ, ಹೊಗೆ ತಿಳಿಯಾದ ಮೇಲೆ ಕಂಬ ಮಾಯವಾಗುತ್ತಿತ್ತು. ನೆಲದ ಮೇಲೆ ಚಿಕ್ಕ ಹಪ್ಪಳದಷ್ಟಗಲದ ಬೆಳಕಿನ ಬಿಲ್ಲೆ ಮಾತ್ರ ಮೊದಲಿದ್ದಷ್ಟೇ ಉಜ್ಜ್ವಲವಾಗಿ ಉಳಿದಿರುತ್ತಿತ್ತು. ಕಿಂಡಿ ಅಂಕುಡೊಂಕಾಗಿದ್ದರೂ ಬಿಲ್ಲೆ ದುಂಡಗಿರುವುದೇಕೆಂದು ನಾನು ಕೇಳಿದಾಗ ಅಜ್ಜಿ, ಅದು ಸೂರ್ಯನ ಮುಖ ಕಣೋ, ದುಂಡಗಿರದೆ ಇನ್ನು ಹೇಗಿದ್ದೀತು ಎಂದಿದ್ದಳು. ಆ ಉತ್ತರ ಅಕ್ಷರಶಃ ಸತ್ಯವೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಅನಂತರ, ಕಾಲೇಜಿನ ದ್ಯುತಿಶಾಸ್ತ್ರದ ಪಾಠದಲ್ಲಿ.

ಆಕಾಶಯಾನದ ಕಥೆಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಹಡಗಿನಿಂದ ಹಡಗಿಗೆ ಹಾಯುವ ಕೆಂಪು ಹಸಿರು ಕಿರಣಗಳನ್ನು ನೋಡಿದಾಗಲೆಲ್ಲ ನನಗೆ ಆ ಬಿಸಿಲುಕೋಲು ನೆನಪಾಗುತ್ತದೆ. ಕಿರಣವೊಂದು ಪಾರ್ಶ್ವದಿಂದ ನೋಡುವವನ ಕಣ್ಣಿಗೆ ಕಾಣಬೇಕಾದರೆ ಅದರ ದಾರಿಯಲ್ಲಿ ಹೊಗೆಯೋ ಧೂಳೋ ಇದ್ದು, ಬೆಳಕಿನ ಕಿಂಚಿದಂಶವನ್ನು ಅತ್ತಿತ್ತ ಚೆದರಿಸಬೇಕು. ಅಂತರಿಕ್ಷದ ನಿರ್ವಾತದಲ್ಲಿ ಅಂತಹ ಹೊಗೆಯೂ ಇಲ್ಲ, ಧೂಳೂ ಇಲ್ಲವೆನ್ನುವಷ್ಟು ವಿರಳ. ಆದುದರಿಂದ 1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ತೇಲಿ ಬರುವಂತೆ ತೋರುವ ಬೆಳಕಿನ ಸಲಾಕೆಗಳು ನಿಜವಾದ ಬೆಳಕಾಗಿದ್ದರೆ ನೋಡುವವನಿಗೆ ಗೋಚರವಾಗುತ್ತಲೇ ಇರಲಿಲ್ಲ. ಪೆಟ್ಟು ಬಿದ್ದ ಜಾಗವಷ್ಟೇ ಥಟ್ಟನೆ ಬೆಳಗುತ್ತಿತ್ತು. ಚಿತ್ರಕಾರನಿಗೆ ಇಷ್ಟು ಸ್ವಾತಂತ್ರ್ಯವನ್ನು ಧಾರಾಳವಾಗಿ ಕೊಡಬಹುದು. ನಮ್ಮ ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ ಬೇರೆ: ಕಾಣದಿದ್ದರೇನು, ಅಂತಹ ಕಿರಣವು ಸಾವಿರಾರು ಮೈಲಿ ಆಚೆಗಿನ ಹಡಗನ್ನು ಸುಡಬಲ್ಲುದೆ?

ಆಗ್ನೇಯಾಸ್ತ್ರದ ಕಥೆಗಳನ್ನು ಕೇಳುತ್ತ ಬೆಳೆದ ನಮಗೆ ದೂರದಿಂದಲೇ ದಹಿಸುವ ಅಸ್ತ್ರವೆಂಬ ಕಲ್ಪನೆ ಹೊಸದೇನಲ್ಲ. ಆದರೆ ಅದನ್ನು ಮಂತ್ರದ ವಶದಿಂದ ಬಿಡಿಸಿ ಯಂತ್ರದ ವಶಕ್ಕೆ ತಂದ ಕೀರ್ತಿ ಎಚ್. ಜಿ. ವೆಲ್ಸ್‌ಗೆ ಸಲ್ಲತಕ್ಕದ್ದು. 1898ರಲ್ಲಿ ಪುಸ್ತಕರೂಪವಾಗಿ ಪ್ರಕಟವಾದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯಲ್ಲಿ ಮಂಗಳಗ್ರಹದಿಂದ ಬಂದವರು ಇಂಗ್ಲೆಂಡಿನ ಹುಲ್ಲುಗಾವಲಿನ ಮೇಲೆ ನಿಂತು ಬೀಸುವ ಶಾಖಕಿರಣವು ಕಣ್ಣಿಗೆ ಕಾಣದ್ದು. ಉಷ್ಣವನ್ನು ಸ್ವಲ್ಪವೂ ಹೊರಗೆ ಬಿಡದ ಒಂದು ಪೆಟ್ಟಿಗೆಯಲ್ಲಿ ಹುಟ್ಟಿ, ನಯಗೊಳಿಸಿದ ಪರವಲಯಾಕಾರದ ದರ್ಪಣದಿಂದ ಪ್ರತಿಫಲಿತವಾಗಿ, ಸಮಾಂತರ ರೇಖೆಗಳಾಗಿ ಹೊರಡುವಂಥದ್ದು. ಈ ಮೂರು ವಿವರಗಳಲ್ಲಿ ಅಗೋಚರತೆಯನ್ನು ಆತ ಸರಿಯಾಗಿಯೇ ಊಹಿಸಿದ್ದನು. ಉಳಿದೆರಡು, ಅಂದರೆ ದರ್ಪಣ ಮತ್ತು ಪೆಟ್ಟಿಗೆ, ಇಂದಿಗೂ ಈ ವಿಷಯದ ಎರಡು ಕಠಿನ ಗಂಟುಗಳಾಗಿಯೇ ಉಳಿದಿವೆ.

ದರ್ಪಣದ ಗಂಟನ್ನು ಮೊದಲು ನೋಡೋಣ. ಭೂತಗನ್ನಡಿಯಿಂದ ಬಿಸಿಲನ್ನು ಕಾಗದದ ಮೇಲೆ ಕೂಡಿಸಿ ಸುಟ್ಟ ಹುಡುಗರೆಲ್ಲರೂ ಬಲ್ಲ ಸಂಗತಿಯೊಂದುಂಟು: ಕನ್ನಡಿಯನ್ನು ಎಷ್ಟೇ ಜಾಣತನದಿಂದ ಹಿಡಿದರೂ ಆ ಉರಿಯುವ ಚುಕ್ಕೆ ಒಂದು ಮಿತಿಗಿಂತ ಚಿಕ್ಕದಾಗುವುದಿಲ್ಲ. ಏಕೆಂದರೆ ಅದು ಬರಿಯ ಚುಕ್ಕೆಯಲ್ಲ, ಸೂರ್ಯನ ಬಿಂಬ. ನಮ್ಮ ಅಡಿಗೆಮನೆಯ ನೆಲದ ಮೇಲಿದ್ದದ್ದೂ ಅದೇ. ಸೂರ್ಯಮಂಡಲವು ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿಯಷ್ಟು ಅಗಲವಾಗಿರುವುದರಿಂದ, ಕನ್ನಡಿಯಿಂದ ಬಿಂಬಕ್ಕಿರುವ ದೂರದ ನೂರ ಏಳನೆಯ ಒಂದು ಪಾಲಿನಷ್ಟಾದರೂ ಆ ಬಿಂಬ ಅಗಲವಾಗಲೇಬೇಕು. ಸಿರಾಕ್ಯೂಸ್ ನಗರವನ್ನು ಮುತ್ತಿದ ರೋಮನರ ಹಡಗುಗಳನ್ನು ಆರ್ಕಿಮಿಡೀಸನು ಕನ್ನಡಿಗಳಿಂದ ಸುಟ್ಟನೆಂಬ ಪ್ರತೀತಿಯನ್ನು ಪರೀಕ್ಷಿಸಲೆಂದು ಫ್ರಾನ್ಸಿನ ಬುಫಾನ್ 1747ರಲ್ಲಿ ನೂರಕ್ಕೂ ಮಿಕ್ಕ ಚಿಕ್ಕ ಕನ್ನಡಿಗಳನ್ನು ಒಂದೇ ಚೌಕಟ್ಟಿನಲ್ಲಿ ಜೋಡಿಸಿ, ಸುಮಾರು 150 ಅಡಿ ದೂರದ ಮರದ ಹಲಗೆಯನ್ನು ಹೊತ್ತಿಸಿ ತೋರಿಸಿದನು. ಆ ದೂರದಲ್ಲಿ ಸೂರ್ಯಬಿಂಬ ಒಂದೂವರೆ ಅಡಿಯ ಒಳಗಿತ್ತು. ದೂರವನ್ನು 1,000 ಅಡಿಗೆ ಬೆಳೆಸಿದರೆ ಬಿಂಬ ಒಂಬತ್ತು ಅಡಿ ದಾಟುತ್ತದೆ. ಅದೇ ಬೆಳಕು ಅಷ್ಟು ವಿಸ್ತಾರಕ್ಕೆ ಹರಡಿ ಹಲಗೆಯನ್ನು ಬೆಚ್ಚಗೆ ಮಾಡುವಷ್ಟರಲ್ಲಿಯೇ ನಿಲ್ಲುತ್ತದೆ. ಬಿಸಿಯಾದ ಯಾವ ವಸ್ತುವಿನ ಬೆಳಕನ್ನಾಗಲಿ ವೆಲ್ಸ್ ಹೇಳಿದಂತೆ ಅಪ್ಪಟ ಸಮಾಂತರವಾಗಿ ಕಳುಹಿಸುವುದು, ಆ ವಸ್ತುವಿಗೆ ಗಾತ್ರವೆಂಬುದು ಇರುವ ತನಕ, ಅಸಾಧ್ಯ.

ಲೇಸರಿನ ಮಹತ್ತ್ವವಿರುವುದು ಇಲ್ಲಿಯೇ. ಪರಮಾಣುವನ್ನು ಬೆಳಕಿನಿಂದಲೇ ಪ್ರಚೋದಿಸಿ ಅದೇ ಜಾತಿಯ, ಅದೇ ದಿಕ್ಕಿನ ಬೆಳಕನ್ನು ಹೊರಡಿಸಬಹುದೆಂಬ ತತ್ತ್ವವನ್ನು ಐನ್‌ಸ್ಟೈನ್ 1917ರಲ್ಲಿ ನಿರೂಪಿಸಿದರು. 1960ರ ಮೇ 16ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಥಿಯೊಡೋರ್ ಮೈಮನ್ ಒಂದು ಮಾಣಿಕ್ಯದ ಕಡ್ಡಿಯಿಂದ ಆ ಬೆಳಕನ್ನು ನಿಜವಾಗಿಯೂ ಹೊರಡಿಸಿದರು. ಸೂರ್ಯನ ಬೆಳಕು ಜಾತ್ರೆಯ ಜನಜಂಗುಳಿಯಂತೆ ದಿಕ್ಕುದಿಕ್ಕಿಗೆ ಹೋಗುವುದಾದರೆ, ಲೇಸರಿನ ತರಂಗಗಳು ತೇರಿನ ಮಿಣಿ ಹಿಡಿದು ಒಂದೇ ಕೂಗಿಗೆ ಒಟ್ಟಾಗಿ ಎಳೆಯುವ ಜನರಂತೆ ಹೆಜ್ಜೆಗೂಡಿ ಸಾಗುತ್ತವೆ. ಮೂಲದ ಗಾತ್ರದಿಂದ ಬರುವ ದೋಷ ಇಲ್ಲಿ ಪರಿಹಾರವಾಯಿತು. ಬೆಳಕಿನ ಸ್ವಭಾವದಲ್ಲಿಯೇ ಇರುವ ಒಂದು ಹರಡುವಿಕೆ ಮಾತ್ರ ಪರಿಹಾರವಾಗಲಿಲ್ಲ. ಅದನ್ನು ಪರಿಹರಿಸುವುದು ಶಕ್ಯವೂ ಅಲ್ಲ.

ಅದೇ ವಿವರ್ತನೆ. ಇದನ್ನು ನೋಡಬೇಕೆಂಬ ವಾಚಕರು ಇಂದು ರಾತ್ರಿಯೇ ಕಪ್ಪು ಬಟ್ಟೆಯ ಕೊಡೆಯನ್ನು ಬಿಚ್ಚಿ, ದೂರದ ಒಂದು ಬೀದಿದೀಪವನ್ನು ಆ ಬಟ್ಟೆಯ ಮೂಲಕ ನೋಡಬಹುದು: ಒಂದು ದೀಪವಿರಬೇಕಾದ ಕಡೆ ನಡುವೆ ಒಂದು, ಅದರ ನಾಲ್ಕು ದಿಕ್ಕಿಗೂ ಸಾಲುಸಾಲಾಗಿ ಮಂಕಾಗುತ್ತ ಹೋಗುವ ಹಲವು ದೀಪಗಳು ಕಾಣುತ್ತವೆ. ನೂಲಿನ ಸಂದುಗಳಲ್ಲಿ ತೂರಿದ ಬೆಳಕು ನೇರವಾಗಿ ಹೋಗುವುದನ್ನು ಬಿಟ್ಟು ಅಂಚುಗಳಲ್ಲಿ ಬಾಗಿ, ಹರಡಿ, ಈ ವಿನ್ಯಾಸವನ್ನು ಬರೆಯುತ್ತದೆ. ಮುಂದೆ ಬೆಂಗಳೂರನ್ನೇ ತಮ್ಮ ಕರ್ಮಭೂಮಿಯಾಗಿ ಮಾಡಿಕೊಂಡ ಸಿ. ವಿ. ರಾಮನ್‌ರು 1906ರಲ್ಲಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ, ‘ಫಿಲಾಸಫಿಕಲ್ ಮ್ಯಾಗಜಿನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಮೊಟ್ಟಮೊದಲ ಸಂಶೋಧನಲೇಖನದ ವಸ್ತು ಆಯತಾಕಾರದ ರಂಧ್ರವೊಂದರಿಂದಾಗುವ ವಿವರ್ತನೆಯೇ ಆಗಿತ್ತು. ರಂಧ್ರ ಕಿರಿದಾದಷ್ಟೂ ಹರಡುವಿಕೆ ಹೆಚ್ಚು. ತರಂಗದೂರ ದೊಡ್ಡದಾದಷ್ಟೂ ಹೆಚ್ಚು. ಫಿರಂಗಿಯ ಬಾಯಿಯಂತೆ ಬೆಳಕನ್ನು ಹೊರಬಿಡುವ ದರ್ಪಣವೂ ಒಂದು ರಂಧ್ರವೇ ಆದುದರಿಂದ ಈ ನಿಯಮದಿಂದ ಅದಕ್ಕೂ ವಿನಾಯಿತಿಯಿಲ್ಲ.

ಒಂದು ಮೀಟರು ಅಗಲದ ನಿರ್ದುಷ್ಟ ದರ್ಪಣದಿಂದ, ಒಂದು ಮೈಕ್ರಾನು ತರಂಗದೂರದ ಅವರಕ್ತ ಲೇಸರ್ ಬೆಳಕನ್ನು ಬಿಟ್ಟೆವೆಂದು ಇಟ್ಟುಕೊಳ್ಳೋಣ. 1,000 ಕಿಲೋಮೀಟರು ದೂರದಲ್ಲಿ ಅದರ ಮಚ್ಚೆ ಸುಮಾರು ಎರಡೂವರೆ ಮೀಟರು ಅಗಲವಾಗಿರುತ್ತದೆ. 10,000 ಕಿಲೋಮೀಟರಿನಲ್ಲಿ 24 ಮೀಟರು. ಚಂದ್ರನಷ್ಟು ದೂರ ಹೋಗುವಷ್ಟರಲ್ಲಿ ಸುಮಾರು 940 ಮೀಟರು, ಎಂದರೆ ಒಂದು ಊರಿನಗಲ. ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಪ್ರತಿಫಲಕವೊಂದನ್ನು ಇಟ್ಟುಬಂದಂದಿನಿಂದ ಭೂಮಿಯ ವೇಧಶಾಲೆಗಳು ಅದರತ್ತ ಲೇಸರ್ ಬೆಳಕನ್ನು ಬಿಡುತ್ತಲೇ ಬಂದಿವೆ. ನಮ್ಮ ವಾತಾವರಣದ ಕದಲಿಕೆಯೂ ಸೇರಿ ಆ ಬೆಳಕು ಅಲ್ಲಿ ತಲಪುವಾಗ ಕೆಲವು ಕಿಲೋಮೀಟರುಗಳಷ್ಟು ಹರಡಿರುತ್ತದೆ, ಮತ್ತು ಅಲ್ಲಿಂದ ಮರಳಿ ದುರ್ಬೀನಿಗೆ ಸಿಕ್ಕುವುದು ಬೆರಳೆಣಿಕೆಯ ಕಣಗಳಷ್ಟೆ.

ಈಗ ಸುಡುವ ಮಾತು. ನಮ್ಮ ಅದೇ ದರ್ಪಣಕ್ಕೆ 100 ಕಿಲೋವ್ಯಾಟ್ ಬೆಳಕನ್ನು ಕೊಟ್ಟು, 2,000 ಕಿಲೋಮೀಟರು ಆಚೆಗೆ ಮೂರು ಮಿಲಿಮೀಟರು ದಪ್ಪದ ಅಲ್ಯೂಮಿನಿಯಂ ತಗಡನ್ನು ಗುರಿಯಾಗಿ ನಿಲ್ಲಿಸೋಣ. ಬೆಳಕೆಲ್ಲವನ್ನೂ ಹೀರುವಂತೆ ಅದಕ್ಕೆ ಕಪ್ಪು ಬಳಿದು, ಹಿಂಬದಿಯಿಂದ ಶಾಖ ಸೋರದಂತೆ ಹೊದಿಕೆಯನ್ನೂ ಹಾಕಿ, ಆಯುಧಕ್ಕೆ ಸಾಧ್ಯವಾದ ಅನುಕೂಲವನ್ನೆಲ್ಲ ಮಾಡಿಕೊಡೋಣ. ಮಚ್ಚೆಯ ನಟ್ಟನಡುವೆ, ಬೆಳಕು ಅತ್ಯಂತ ದಟ್ಟವಾಗಿರುವ ಕಡೆಯಲ್ಲಿ, ಚದರ ಮೀಟರಿಗೆ ಸುಮಾರು 20 ಕಿಲೋವ್ಯಾಟ್ ಬೀಳುತ್ತದೆ; ಭೂಮಿಯ ಬಳಿಯ ಅಂತರಿಕ್ಷದಲ್ಲಿ ಸೂರ್ಯನು ಕೊಡುವ 1.36 ಕಿಲೋವ್ಯಾಟಿಗೆ ಇದು ಹದಿನಾಲ್ಕು ಮಡಿಗಿಂತ ತುಸು ಹೆಚ್ಚು. ತಗಡು ಮೊದಮೊದಲು ಸೆಕೆಂಡಿಗೆ ಎರಡು ಡಿಗ್ರಿಗೂ ಮೇಲ್ಪಟ್ಟು ಕಾಯುತ್ತ ಹೋಗುತ್ತದೆ. ಆದರೆ ಕಾದ ವಸ್ತುವು ತಾನೂ ಶಾಖವನ್ನು ಸೂಸುವುದು, ಮತ್ತು ಕಾವು ಏರಿದಂತೆ ಆ ಸೂಸುವಿಕೆ ಅತಿಶಯವಾದ ವೇಗದಿಂದ ಬೆಳೆಯುವುದು, ನಿಸರ್ಗದ ಕಟ್ಟಳೆ. ನಿರಪೇಕ್ಷ ತಾಪಮಾನ ಇಮ್ಮಡಿಯಾದರೆ ಸೂಸುವ ಶಾಖ ಹದಿನಾರು ಮಡಿಯಾಗುತ್ತದೆ. ಹೀಗಾಗಿ ಸುಮಾರು 490 ಡಿಗ್ರಿ ಸೆಲ್ಸಿಯಸ್ ತಲಪುವಷ್ಟರಲ್ಲಿ ಬರುವ ಶಾಖವೂ ಹೋಗುವ ಶಾಖವೂ ಸಮನಾಗಿ ತಗಡು ಅಲ್ಲಿಯೇ ನಿಂತುಬಿಡುತ್ತದೆ. ಅಲ್ಯೂಮಿನಿಯಂ ಕರಗುವುದು 660ರಲ್ಲಿ. ಒಂದು ಗಂಟೆ ಹೊಡೆಯಿರಿ, ಒಂದು ವರ್ಷ ಹೊಡೆಯಿರಿ, ಆ ತಗಡು ಕರಗದು.

ಈ ಲೆಕ್ಕವನ್ನು ಮೊದಲ ಸಲ ಪೂರ್ತಿ ಮಾಡಿ ನೋಡಿದ ದಿನ ನನಗಾದ ವಿಸ್ಮಯ ಇನ್ನೂ ಮಾಸಿಲ್ಲ. ತಾಳ್ಮೆಯಿಂದ ಕಾದರೆ ಎಂತಹ ಮಂದವಾದ ಉರಿಯಾದರೂ ಕೆಲಸ ಸಾಧಿಸೀತೆಂದು ನಾವು ಎಣಿಸುತ್ತೇವೆ. ಶಾಖದ ವಿಷಯದಲ್ಲಿ ಆ ಎಣಿಕೆ ಸಲ್ಲದು. ಹಾಗೆಂದು ಆ ಕಿರಣ ನಿರುಪದ್ರವಿಯೆಂದೂ ಭಾವಿಸಬಾರದು. 490 ಡಿಗ್ರಿಯಲ್ಲಿ ಅಲ್ಯೂಮಿನಿಯಂ ತನ್ನ ಬಲದ ಬಹುಭಾಗವನ್ನು ಕಳೆದುಕೊಂಡಿರುತ್ತದೆ. ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಪಡೆಯುವ ಫಲಕಗಳು ಅದಕ್ಕಿಂತ ಎಷ್ಟೋ ಮೊದಲೇ ಕೆಡುತ್ತವೆ. ಕ್ಯಾಮರಾಗಳಂತೂ ಅತ್ಯಲ್ಪ ಬೆಳಕಿಗೇ ಕುರುಡಾಗುತ್ತವೆ. ದೂರದ ಶತ್ರುವನ್ನು ಕೊಲ್ಲುವುದಕ್ಕಿಂತ ಅವನ ಕಣ್ಣನ್ನು ಕೆಡಿಸುವುದು ಕಿರಣಕ್ಕೆ ಬಹು ಸುಲಭ.

ದರ್ಪಣವನ್ನು ದೊಡ್ಡದು ಮಾಡಿದರೆ ಫಲ ತಟ್ಟನೆ ಬದಲಾಗುತ್ತದೆ ಎಂಬುದನ್ನೂ ಹೇಳಬೇಕು. ಹತ್ತು ಮೀಟರಿನ ದರ್ಪಣವಾದರೆ ಅದೇ 2,000 ಕಿಲೋಮೀಟರಿನಲ್ಲಿ ಮಚ್ಚೆ ಅರ್ಧ ಮೀಟರಿಗೆ ಇಳಿದು, ದಟ್ಟಣೆ ನೂರು ಮಡಿಯಾಗಿ, ನಮ್ಮ ಕಪ್ಪು ತಗಡು ನಾಲ್ಕೈದು ಸೆಕೆಂಡಿನಲ್ಲಿ ತೂತಾಗುತ್ತದೆ. ಕಿರಣಾಸ್ತ್ರದ ಬಲಾಬಲ ಅದರ ಶಕ್ತಿಯಲ್ಲಿ ಎಷ್ಟಿದೆಯೋ ಅಷ್ಟೇ ಅದರ ಕನ್ನಡಿಯಲ್ಲಿಯೂ ಇದೆ. ಕಥೆಗಾರರು ಮೊದಲನೆಯದನ್ನು ಕುರಿತು ಪುಟಗಟ್ಟಲೆ ಬರೆದು ಎರಡನೆಯದನ್ನು ಬಹುಮಟ್ಟಿಗೆ ಮರೆತಿದ್ದಾರೆ. ಈಗ ಅಂತರಿಕ್ಷದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕದ ದರ್ಪಣ 6.5 ಮೀಟರು ಅಗಲ. ಅದನ್ನು 18 ತುಂಡುಗಳಾಗಿ ಮಾಡಿ, ಮಡಿಸಿ, ಮೇಲೆ ಹೋದ ಬಳಿಕ ಬಿಡಿಸಿ, ತರಂಗದೂರದ ಸಣ್ಣದೊಂದು ಅಂಶದಷ್ಟೂ ವ್ಯತ್ಯಾಸ ಬಾರದಂತೆ ಹೊಂದಿಸಬೇಕಾಯಿತು. ಅಂತಹ ಸುಕುಮಾರವಾದ ವಸ್ತುವನ್ನು ಯುದ್ಧಕ್ಕೆ ಕೊಂಡೊಯ್ಯುವುದೆಂದರೆ ವೀಣೆಯನ್ನು ಗುರಾಣಿಯಾಗಿ ಹಿಡಿದಂತೆ. ಇನ್ನೂ ಒಂದು ತೊಡಕುಂಟು: ಒಳಗಿನ ಬೆಳಕನ್ನು ದೂರದ ಬಿಂದುವಿಗೆ ಕೂಡಿಸುವ ದರ್ಪಣವು ಆ ದೂರದಿಂದ ಬರುವ ಬೆಳಕನ್ನೂ ಅಷ್ಟೇ ನಿಷ್ಠೆಯಿಂದ ತನ್ನ ಒಡಲೊಳಗೆ ಕೂಡಿಸುತ್ತದೆ. ಗುರಿಯಾದ ಹಡಗು ತಿರುಗಿ ಕಿರಣ ಬಿಟ್ಟರೆ ಹೊಡೆದವನ ಲೇಸರೇ ಮೊದಲು ಬೇಯುವುದು.

ಬೆಳಕನ್ನು ಸ್ಥಳದಲ್ಲಿ ಕೂಡಿಸುವಂತೆ ಕಾಲದಲ್ಲಿಯೂ ಕೂಡಿಸಬಹುದು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಪ್ರಯೋಗಶಾಲೆಯಲ್ಲಿ 2022ರ ಡಿಸೆಂಬರ್ 5ರಂದು 192 ಲೇಸರ್ ಕಿರಣಗಳು ಹೈಡ್ರೋಜನಿನ ಸಣ್ಣ ಗುಳಿಗೆಯೊಂದಿದ್ದ ಗೂಡಿಗೆ 2.05 ಮೆಗಾಜೂಲ್ ಶಕ್ತಿಯನ್ನು ಸುರಿದು, ಬೈಜಿಕ ಸಮ್ಮಿಳನದಿಂದ 3.15 ಮೆಗಾಜೂಲನ್ನು ಹೊರಡಿಸಿದವು. ಆ ಎರಡು ಮೆಗಾಜೂಲ್ ನಮ್ಮ ಒಂದು ಹೊತ್ತಿನ ಊಟದಲ್ಲಿರುವ ಶಕ್ತಿಗಿಂತ ಹೆಚ್ಚಿನದೇನಲ್ಲ. ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಕೆಲವೇ ಪಾಲುಗಳ ಅವಧಿಗೆ ಅದನ್ನು ಒತ್ತಿಟ್ಟದ್ದೇ ಅದರ ಉಗ್ರತೆಗೆ ಕಾರಣ. ಆದರೆ ಆ ಒಂದು ಊಟವನ್ನು ಬಡಿಸಲು 300 ಮೆಗಾಜೂಲಿಗೂ ಮಿಕ್ಕ ವಿದ್ಯುತ್ತೂ, ಒಂದು ಭವ್ಯ ಕಟ್ಟಡವೂ ಬೇಕಾದವು.

ವೆಲ್ಸ್‌ನ ಎರಡನೆಯ ಗಂಟು ಇಲ್ಲಿ ಎದುರಾಗುತ್ತದೆ. ವಿದ್ಯುತ್ತಿನ ಮೂರರಲ್ಲೊಂದು ಪಾಲನ್ನು ಬೆಳಕಾಗಿ ಮಾರ್ಪಡಿಸುವ ಲೇಸರ್ ಒಳ್ಳೆಯ ಲೇಸರೇ ಸರಿ. ಉಳಿದ ಎರಡು ಪಾಲು ಅದರ ಒಡಲಿನಲ್ಲಿಯೇ ಶಾಖವಾಗಿ ಉಳಿಯುತ್ತದೆ. ಭೂಮಿಯ ಮೇಲಾದರೆ ಗಾಳಿಯೂ ನೀರೂ ಆ ಶಾಖವನ್ನು ಒಯ್ಯುತ್ತವೆ. ನಿರ್ವಾತದಲ್ಲಿ ತೇಲುವ ಹಡಗಿಗೆ ಶಾಖವನ್ನು ಸೂಸಿ ಕಳೆಯುವುದೊಂದನ್ನುಳಿದು ಬೇರೆ ಗತಿಯಿಲ್ಲ, ಮತ್ತು ಕೋಣೆಯ ಬೆಚ್ಚನೆಯಲ್ಲಿರುವ ಒಂದು ಚದರ ಮೀಟರು ಹಲಗೆ ಹೀಗೆ ಸೂಸಬಲ್ಲುದು ಹೆಚ್ಚೆಂದರೆ 460 ವ್ಯಾಟ್. ಒಂದು ಮೆಗಾವ್ಯಾಟ್ ಬೆಳಕನ್ನು ಸತತವಾಗಿ ಬಿಡುವ ಹಡಗು ಎರಡು ಮೆಗಾವ್ಯಾಟ್ ಶಾಖವನ್ನು ಕಳೆಯಬೇಕಾಗಿ, ಅದಕ್ಕೆ 4,300 ಚದರ ಮೀಟರಿಗೂ ಮೀರಿದ, ಎಂದರೆ ಒಂದು ಎಕರೆಗಿಂತ ಹೆಚ್ಚಿನ, ಹಲಗೆ ಬೇಕಾಗುತ್ತದೆ. ಎರಡು ಮುಖದಿಂದಲೂ ಸೂಸುವಂತೆ ಮಾಡಿದರೆ ಅರ್ಧ ಎಕರೆ. ಇಂದಿನ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ದೊಡ್ಡ ಶಾಖಫಲಕಗಳು ಕಳೆಯಬಲ್ಲುದು ಸುಮಾರು 70 ಕಿಲೋವ್ಯಾಟ್ ಮಾತ್ರ. ಹಲಗೆಯನ್ನು ಕೆಂಪಗೆ ಕಾಯಿಸಿದರೆ ಅಳತೆ ಕುಗ್ಗೀತು. ಆದರೆ ಲೇಸರಿನ ಸೂಕ್ಷ್ಮ ಭಾಗಗಳು ಆ ಕಾವಿನಲ್ಲಿ ಬಾಳವು. ಯುದ್ಧದ ಕೆಲವು ನಿಮಿಷಗಳ ಮಟ್ಟಿಗೆ ಶಾಖವನ್ನು ಮಂಜುಗಡ್ಡೆಗೆ ಉಣಿಸುವೆವೆಂದರೆ ಸೆಕೆಂಡಿಗೆ ಆರು ಕಿಲೋ, ನಿಮಿಷಕ್ಕೆ 360 ಕಿಲೋ ಮಂಜು ಕರಗಿ ನೀರಾಗುವುದು. ಉಷ್ಣವನ್ನು ಕಿಂಚಿತ್ತೂ ಬಿಡದ ಪೆಟ್ಟಿಗೆಯನ್ನು ವೆಲ್ಸ್ ಒಂದೇ ಮಾತಿನಲ್ಲಿ ಕಲ್ಪಿಸಿಕೊಂಡು ಮುಂದೆ ಸಾಗಿದನು. ಎಂಜಿನಿಯರನಿಗೆ ಅಲ್ಲಿಂದ ಮುಂದೆ ಹೆಜ್ಜೆ ಏಳುವುದಿಲ್ಲ. ಆಕಾಶಯುದ್ಧದ ಕಥೆ ಬರೆಯುವ ನಮ್ಮ ತರುಣರಿಗೆ ನಾನು ಕೊಡಬಯಸುವ ಸಲಹೆಯೊಂದೇ: ನಿಮ್ಮ ಹಡಗಿಗೆ ಫಿರಂಗಿಗಳನ್ನು ಚಿತ್ರಿಸುವ ಮೊದಲು ರೆಕ್ಕೆಗಳನ್ನು ಚಿತ್ರಿಸಿ. ಹಾರುವುದಕ್ಕಲ್ಲ, ತಣಿಯುವುದಕ್ಕೆ.

ಬೆಳಕನ್ನು ಬಿಟ್ಟು ಕಣಗಳನ್ನು ಎಸೆಯುವ ಅಸ್ತ್ರಗಳ ವಿಷಯವನ್ನು ಸಂಕ್ಷೇಪವಾಗಿ ಮುಗಿಸಬಹುದು. ಪ್ರೋಟಾನುಗಳ ಧಾರೆಗೆ ಕನ್ನಡಿಯ ಗುರಾಣಿ ತಡೆಯಲ್ಲ, ಅದು ಮೈಯೊಳಕ್ಕೆ ಇಳಿದು ಹೊಡೆಯುತ್ತದೆ, ಸರಿ. ಆದರೆ ಸಜಾತೀಯ ವಿದ್ಯುದಂಶವುಳ್ಳ ಕಣಗಳು ಒಂದನ್ನೊಂದು ದೂಡುತ್ತ ಹರಡುವುದಲ್ಲದೆ, ಭೂಮಿಯ ದುರ್ಬಲ ಕಾಂತಕ್ಷೇತ್ರವೂ 10 ಕೋಟಿ ಇಲೆಕ್ಟ್ರಾನ್ ವೋಲ್ಟ್ ಶಕ್ತಿಯ ಪ್ರೋಟಾನನ್ನು ಸುಮಾರು 50 ಕಿಲೋಮೀಟರು ತ್ರಿಜ್ಯದ ವೃತ್ತವಾಗಿ ಬಾಗಿಸಿಬಿಡುತ್ತದೆ. ಆದಕಾರಣ ವಿದ್ಯುದಂಶವನ್ನು ಕಳೆದ ಕಣಗಳನ್ನೇ ಬಳಸಬೇಕೆಂದು ಅಮೆರಿಕನರು 1989ರ ಜುಲೈಯಲ್ಲಿ ರಾಕೆಟ್ಟೊಂದರಲ್ಲಿ ವೇಗವರ್ಧಕವನ್ನಿಟ್ಟು ಹಾರಿಸಿ ಪರೀಕ್ಷಿಸಿದರು. ಪ್ಲಾಸ್ಮಾ ಉಂಡೆಗಳೆಂಬುವು ಇದಕ್ಕಿಂತಲೂ ದುರ್ಬಲ. ಹತ್ತು ಸಾವಿರ ಡಿಗ್ರಿಯ ಹೈಡ್ರೋಜನ್ ಕಣಗಳು ಸೆಕೆಂಡಿಗೆ ಸುಮಾರು 15 ಕಿಲೋಮೀಟರು ವೇಗದಿಂದ ದಿಕ್ಕಾಪಾಲಾಗಿ ಓಡುವಂಥವು. ಅವನ್ನು ಹಿಡಿದಿಡುವ ಪಾತ್ರೆಯಿಲ್ಲದ ಶೂನ್ಯದಲ್ಲಿ ಆ ಉಂಡೆ ಗುರಿ ತಲಪುವ ಮುನ್ನ ಹಬೆಯಂತೆ ಲಯವಾಗುತ್ತದೆ. ಗ್ರಹವನ್ನೇ ಸಿಡಿಸುವ ಕಿರಣದ ಕಥೆಗಳಿಗೆ ಒಂದೇ ಅಂಕಿ ಸಾಕು: ಭೂಮಿಯಷ್ಟಿರುವ ಗ್ರಹವೊಂದನ್ನು ತನ್ನ ಗುರುತ್ವದ ಹಿಡಿತದಿಂದ ಪೂರ್ಣವಾಗಿ ಚೆದರಿಸಲು ಸೂರ್ಯನು ಸುಮಾರು ಒಂದು ವಾರ ಎಲ್ಲ ದಿಕ್ಕಿಗೂ ಸುರಿಯುವ ಅಷ್ಟೂ ಶಕ್ತಿ ಬೇಕು.

ಇಷ್ಟಾದರೂ ರಾಷ್ಟ್ರಗಳು ಈ ಕನಸನ್ನು ಕೈಬಿಟ್ಟವರಲ್ಲ. ಅಮೆರಿಕದ ಅಧ್ಯಕ್ಷ ರೇಗನ್ 1983ರ ಮಾರ್ಚ್ 23ರಂದು ಕ್ಷಿಪಣಿರಕ್ಷಣೆಯ ಮಹಾಯೋಜನೆಯೊಂದನ್ನು ಸಾರಿದರು. ಪತ್ರಿಕೆಗಳು ಅದಕ್ಕೆ ‘ಸ್ಟಾರ್ ವಾರ್ಸ್’ ಎಂಬ ಆ ಚಲಚ್ಚಿತ್ರದ ಹೆಸರನ್ನೇ ಇಟ್ಟವು. ಲೇಸರ್ ಹೊರುವ ಕಕ್ಷಾಕೇಂದ್ರದ ಮುನ್ಮಾದರಿಯಾಗಿ ಸೋವಿಯತ್ ದೇಶ 1987ರ ಮೇ 15ರಂದು ಹಾರಿಸಿದ, ಸುಮಾರು 80 ಟನ್ ತೂಕದ ‘ಪೋಲಿಯಸ್’ ದಿಕ್ಕು ತಪ್ಪಿ, ಕಕ್ಷೆಗೇರದೆ ಸಮುದ್ರಕ್ಕೆ ಬಿದ್ದಿತು. ಅಮೆರಿಕನರು ಬೋಯಿಂಗ್ 747 ವಿಮಾನವೊಂದರಲ್ಲಿ ಕೂರಿಸಿದ ರಾಸಾಯನಿಕ ಲೇಸರ್ 2010ರ ಫೆಬ್ರವರಿ 11ರಂದು ಮೇಲೇರುತ್ತಿದ್ದ ಕ್ಷಿಪಣಿಯೊಂದನ್ನು ನಾಶಪಡಿಸಿತಾದರೂ, ಮರುವರ್ಷವೇ ಆ ಯೋಜನೆಯನ್ನು ನಿಲ್ಲಿಸಲಾಯಿತು. ನಮ್ಮ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ 2025ರ ಏಪ್ರಿಲ್ 13ರಂದು ಕರ್ನೂಲಿನ ಬಯಲಿನಲ್ಲಿ 30 ಕಿಲೋವ್ಯಾಟ್ ವರ್ಗದ ಲೇಸರಿನಿಂದ ಡ್ರೋನುಗಳನ್ನು ಹೊಡೆದುರುಳಿಸಿತು. ಕೆಲವೇ ಕಿಲೋಮೀಟರುಗಳ ಎಟುಕಿನಲ್ಲಿ, ತೆಳು ಮೈಯ ಗುರಿಯ ಮೇಲೆ, ಕಿರಣ ಸಾರ್ಥಕವಾದ ಆಯುಧವೆಂಬುದರಲ್ಲಿ ಇನ್ನು ಸಂದೇಹವಿಲ್ಲ. ಆದರೆ ಕಕ್ಷೆಯಲ್ಲಿರುವ ವಸ್ತುವನ್ನು ನಾಶಮಾಡಬೇಕಾಗಿ ಬಂದಾಗ, 2019ರ ಮಾರ್ಚ್ 27ರ ‘ಮಿಷನ್ ಶಕ್ತಿ’ಯಲ್ಲಿ, ನಮ್ಮವರು ಬಳಸಿದ್ದು ಕಿರಣವನ್ನಲ್ಲ, ಸಿಡಿಮದ್ದಿನ ಹಂಗಿಲ್ಲದೆ ಬರಿಯ ಡಿಕ್ಕಿಯಿಂದಲೇ ಒಡೆಯುವ ಕ್ಷಿಪಣಿಯನ್ನು. ಸೆಕೆಂಡಿಗೆ ಹತ್ತು ಕಿಲೋಮೀಟರು ವೇಗದಲ್ಲಿ ಬರುವ ಒಂದು ಕಿಲೋ ಕಲ್ಲಿನಲ್ಲಿ 50 ಮೆಗಾಜೂಲ್, ಎಂದರೆ ಹನ್ನೆರಡು ಕಿಲೋ ಸಿಡಿಮದ್ದಿನ ಶಕ್ತಿ ಅಡಗಿದೆ. ಆ ಕಲ್ಲು ಎಷ್ಟು ದೂರ ಹೋದರೂ ವಿವರ್ತನೆಯಿಂದ ಹರಡುವುದೂ ಇಲ್ಲ, ಎಸೆದವನ ಮನೆಯನ್ನು ಕಾಯಿಸುವುದೂ ಇಲ್ಲ. ಕವಣೆಯ ಕಲ್ಲು ಆಗ್ನೇಯಾಸ್ತ್ರಕ್ಕಿಂತ ಮಿಗಿಲಾಗುವ ರಣರಂಗ ಅಂತರಿಕ್ಷ.

ಇನ್ನು, ಪರಲೋಕವೊಂದರ ನೆಲದ ಮೇಲೆ ಮನುಷ್ಯನ ಯಂತ್ರ ಕಿರಣ ಹಾರಿಸಿ ನೆಲವನ್ನು ಸುಟ್ಟದ್ದುಂಟೆ ಎಂದು ಕೇಳಿದರೆ, ಉಂಟು. 2012ರ ಆಗಸ್ಟಿನಲ್ಲಿ ಮಂಗಳದ ಮೇಲೆ ‘ಕ್ಯೂರಿಯಾಸಿಟಿ’ ರೋವರ್ ಏಳು ಮೀಟರಿನೊಳಗಿನ ಬಂಡೆಗಳತ್ತ ಲೇಸರ್ ಮಿಡಿತಗಳನ್ನು ಹಾರಿಸತೊಡಗಿತು. 2023ರ ಆಗಸ್ಟಿನಲ್ಲಿ ಚಂದ್ರನ ದಕ್ಷಿಣದ ನೆಲದಲ್ಲಿ ನಮ್ಮ ‘ಪ್ರಜ್ಞಾನ’ ರೋವರ್ ಅದೇ ಕೆಲಸ ಮಾಡಿತು. ಅದರ ಲೇಸರ್ ಉಪಕರಣ ಸಿದ್ಧವಾದದ್ದು ಬೆಂಗಳೂರಿನ ಇಸ್ರೋ ಪ್ರಯೋಗಶಾಲೆಯಲ್ಲಿ. ಅದು ತನ್ನ ಕಾಲಬುಡದ ಮಣ್ಣಿನ ಸೂಜಿಮೊನೆಯಷ್ಟು ಜಾಗವನ್ನು ಕ್ಷಣಾರ್ಧದಲ್ಲಿ ಆವಿಯಾಗಿಸಿ, ಆ ಆವಿಯ ಬೆಳಕನ್ನು ಓದಿ, ಇಲ್ಲಿ ಗಂಧಕವಿದೆ, ಅಲ್ಯೂಮಿನಿಯಂ ಇದೆ, ಕಬ್ಬಿಣವಿದೆ, ಕ್ಯಾಲ್ಸಿಯಂ ಇದೆ ಎಂದು ತಿಳಿಸಿತು.

ಅದೇ ವರ್ಷದ ಡಿಸೆಂಬರ್ 12ರಂದು, ಚಂದ್ರನನ್ನು ಸುತ್ತುತ್ತಿರುವ ಅಮೆರಿಕದ ನೌಕೆಯೊಂದು ಸುಮಾರು 100 ಕಿಲೋಮೀಟರು ದೂರದಿಂದ, ಪ್ರಜ್ಞಾನವನ್ನು ಹೊತ್ತು ಚಂದ್ರನ ಮೇಲೆ ಇಳಿದಿದ್ದ ‘ವಿಕ್ರಮ’ನತ್ತ ಲೇಸರ್ ಬೆಳಕನ್ನು ಬಿಟ್ಟಿತು. ವಿಕ್ರಮನ ಯಂತ್ರಗಳು ಮೌನವಾಗಿ ಆಗಲೇ ಮೂರು ತಿಂಗಳು ಕಳೆದಿದ್ದವು. ಅದರ ಮೇಲ್ಗಡೆ, ಐದು ಸೆಂಟಿಮೀಟರು ಅಗಲದ ಅಲ್ಯೂಮಿನಿಯಂ ಗುಮ್ಮಟದಲ್ಲಿ, ವಿದ್ಯುತ್ತಿನ ಆವಶ್ಯಕತೆಯೇ ಇಲ್ಲದ ಎಂಟು ಸ್ಫಟಿಕದ ಮೂಲೆಗನ್ನಡಿಗಳಿದ್ದವು; ತಮ್ಮ ಮೇಲೆ ಬಿದ್ದ ಬೆಳಕನ್ನು ಅವು ಬಂದ ದಾರಿಯಲ್ಲಿಯೇ ಹಿಂದಕ್ಕೆ ಕಳುಹಿಸಿದವು.